ಕದ್ದ ಚಿತ್ರದ ಬೆನ್ನು ಹತ್ತಿ: ಒಂದು ಕಾಪಿರೈಟ್ ದೂರಿನ ಪೂರ್ತಿ ಅನುಭವ

ನಮ್ಮ ಸಾಕ್ಷ್ಯಚಿತ್ರವನ್ನು ಕದ್ದು ಒಂದು ಸೋಷಿಯಲ್ ಮೀಡಿಯಾದಲ್ಲಿ ಹಾಕಿದ್ದರಲ್ಲ, ಅದರ ಕೊನೆಯ ಲಿಂಕ್ ಈ ವಾರ ಅಲ್ಲಿಂದ ಹೋಯಿತು. ಈಗ 2023ರ ಡಿಸೆಂಬರ್. ಶುರುವಾಗಿದ್ದು ಮಾರ್ಚ್‌ನಲ್ಲಿ. ನಡುವೆ ನಡೆದದ್ದನ್ನೆಲ್ಲ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಾನು ಹುಡುಕಿದಾಗ ಕನ್ನಡದಲ್ಲಿ ಕೈಗೆ ಏನೂ ಸಿಗಲಿಲ್ಲ. ಇಂಗ್ಲಿಷ್‌ನಲ್ಲಿ ಸಿಕ್ಕಿದ್ದರಲ್ಲಿ ಅರ್ಧ ಅಮೆರಿಕದವರಿಗೆ, ಇನ್ನರ್ಧ ವಕೀಲರಿಗೆ. ಹಕ್ಕಿ ಫೋಟೊ ತೆಗೆಯುವವರು, ಯಕ್ಷಗಾನ ರೆಕಾರ್ಡ್ ಮಾಡುವವರು, ಅಡುಗೆ ವಿಡಿಯೊ ಹಾಕುವವರು, ಸ್ವಂತ ಹಾಡು ಕಟ್ಟುವವರು, ಹೀಗೆ ನಮ್ಮಂಥವರ ಕೆಲಸ ದಿನಾ ಕಳುವಾಗುತ್ತಿದೆ. ಅವರಲ್ಲಿ ಒಬ್ಬರಿಗಾದರೂ ನಾನು ಪಟ್ಟ ಗೊಂದಲ ತಪ್ಪಿದರೆ ಸಾಕು.

ಆ ಸೋಷಿಯಲ್ ಮೀಡಿಯಾ ಕಂಪನಿಯ ಹೆಸರು ಹೇಳುವುದಿಲ್ಲ. ವಕೀಲರು ಬೇಡ ಎಂದಿದ್ದಾರೆ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪನಿಯ ಕಾಪಿರೈಟ್ ಫಾರ್ಮ್ ತುಂಬಿ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಫಾರ್ಮ್ ತುಂಬಿದ ದಿನವೇ ಅದೇ ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೂ ದೂರು ಕಳಿಸಿ. ಆ ಫಾರ್ಮ್ ನಿಂತಿರುವ ಅಮೆರಿಕದ ಕಾನೂನಿನಲ್ಲಿ ಇಷ್ಟು ದಿನದೊಳಗೆ ತೆಗೆಯಬೇಕು ಎಂಬ ಲೆಕ್ಕವಿಲ್ಲ, ಬೇಗ ತೆಗೆಯಬೇಕು ಅಂತ ಮಾತ್ರ ಇದೆ. ನಮ್ಮ ನಿಯಮಗಳಲ್ಲಿ ದಿನಗಳ ಲೆಕ್ಕ ಇದೆ. ಕಂಪನಿಗಳ ಒಳಗೆ ದೂರು ನೋಡುವ ಜನರೇ ಕಡಿಮೆಯಾದ ಮೇಲೆ ಆ ಲೆಕ್ಕವೊಂದೇ ನಮ್ಮ ಕೈಯಲ್ಲಿ ಉಳಿದಿರುವುದು.

ಕದ್ದದ್ದು ಏನು ಅಂತ ಹೇಳುತ್ತೇನೆ. ಕೊಪ್ಪಳ ಜಿಲ್ಲೆಯ ಒಂದು ತೊಗಲುಗೊಂಬೆ ಮನೆತನದ ಬಗ್ಗೆ ನಾನು ಮತ್ತು ಇಬ್ಬರು ಗೆಳೆಯರು ಸೇರಿ 41 ನಿಮಿಷದ ಸಾಕ್ಷ್ಯಚಿತ್ರ ಮಾಡಿದ್ದೆವು. ನಾನಿರುವುದು ಹೊಸಪೇಟೆಯಲ್ಲಿ. ರಾತ್ರಿ ಆಟ ಇದ್ದಾಗೆಲ್ಲ ಕ್ಯಾಮೆರಾ ಹೊತ್ತು ಹೋಗುತ್ತಿದ್ದೆವು. ಯಾರ ಅನುದಾನವೂ ಇರಲಿಲ್ಲ. ಲೆನ್ಸ್ ಬಾಡಿಗೆ, ಸೌಂಡ್, ಎಡಿಟಿಂಗ್ ಎಲ್ಲಾ ನಮ್ಮ ಕೈಯಿಂದಲೇ. 2022ರ ಅಕ್ಟೋಬರ್‌ನಲ್ಲಿ ನಮ್ಮದೇ ವೆಬ್‌ಸೈಟ್‌ನಲ್ಲಿ 99 ರೂಪಾಯಿ ಬಾಡಿಗೆಗೆ ಹಾಕಿದೆವು. ಬಂದದ್ದರಲ್ಲಿ ಅರ್ಧ ಆ ಮನೆತನಕ್ಕೆ. ಇದನ್ನು ಬರೆದು, ಓದಿ ಹೇಳಿ, ಸಹಿ ಮಾಡಿಸಿಕೊಂಡಿದ್ದೆವು. ಆ ಕಾಗದ ಮುಂದೆ ಎಷ್ಟು ಉಪಯೋಗಕ್ಕೆ ಬಂತು ಅಂತ ಆಮೇಲೆ ಹೇಳುತ್ತೇನೆ.

ಕಳುವು ಗೊತ್ತಾಗಿದ್ದು ಆ ಮನೆಯ ಮಗನ ಫೋನಿನಿಂದ. "ಅಕ್ಕಾರ, ನಮ್ಮ ಆಟ ಫೋನಿನ್ಯಾಗ ಬಂದೈತ್ರಿ! ಎಲ್ಲಾರೂ ನೋಡಾಕತ್ತಾರ. ದುಬೈದಾಗ ಇರೋ ನಮ್ಮ ಊರ ಹುಡುಗನೂ ನೋಡ್ಯಾನಂತ. ಅಪ್ಪ ಭಾಳ ಖುಷಿ ಆಗ್ಯಾನ್ರಿ." ಅವನ ದನಿಯಲ್ಲಿದ್ದ ಸಂತೋಷ ಕೇಳಿ ನನಗೂ ಒಂದು ಕ್ಷಣ ಖುಷಿಯಾಯಿತು. ಲಿಂಕ್ ಕಳಿಸು ಎಂದೆ. ತೆಗೆದು ನೋಡಿದರೆ ನಮ್ಮ ಇಡೀ ಚಿತ್ರ. ತುಂಡು ತುಂಡು ಮಾಡಿ, ಒಂದರ ಕೆಳಗೊಂದು ಜೋಡಿಸಿ ಹಾಕಿದ್ದರು. ಮೊದಲ ಟೈಟಲ್ ಕತ್ತರಿಸಿದ್ದರು. ಕೊನೆಯಲ್ಲಿ ಆ ಕುಟುಂಬದ ಎಲ್ಲರ ಹೆಸರು ಬರುವ ಭಾಗವೂ ಇರಲಿಲ್ಲ. ಅಜ್ಜ ಹದ ಮಾಡಿದ ಆಡಿನ ತೊಗಲನ್ನು ಬಿಸಿಲಿಗೆ ಎತ್ತಿ ಹಿಡಿದು, ಎಲ್ಲಿ ದಪ್ಪ ಎಲ್ಲಿ ತೆಳು ಅಂತ ಹೆಬ್ಬೆರಳಿನಿಂದ ಸವರಿ ನೋಡುವ ಒಂದು ಶಾಟ್ ಇದೆ. ಅದಕ್ಕೆ ನಾವು ಬೆಳಗಿನ ಬೆಳಕಿಗಾಗಿ ಕಾದು ಕೂತಿದ್ದೆವು. ಆ ಶಾಟ್‌ನ ಮೇಲೆ, ಸರಿಯಾಗಿ ತೊಗಲಿನ ನಡುವೆ, ಆ ಖಾತೆಯವರ ಲೋಗೊ. ಕೆಳಗೆ 'ಪೂರ್ತಿ ಚಿತ್ರ ಎಚ್‌ಡಿಯಲ್ಲಿ ಬೇಕಾದರೆ ನಮ್ಮ ಚಾನೆಲ್‌ಗೆ ಸೇರಿ' ಎಂಬ ಸಾಲು. ಚಾನೆಲ್‌ಗೆ ಸೇರಲು 20 ರೂಪಾಯಿ.

ಇದು ಕಳುವು, ಇದರಿಂದ ನಿಮಗೆ ಒಂದು ಪೈಸೆಯೂ ಬರಲ್ಲ ಅಂತ ಆ ಹುಡುಗನಿಗೆ ಹೇಳಬೇಕಾಯಿತಲ್ಲ, ಇಡೀ ಪ್ರಕರಣದಲ್ಲಿ ನನಗೆ ಅತಿ ಕಷ್ಟವಾದ ಮಾತು ಅದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಅಪ್ಪಗ ಹೇಳೂದು ಬ್ಯಾಡ್ರಿ" ಎಂದ.

ನಾನು ಮೊದಲು ಅಷ್ಟು ಗಾಬರಿಯಾಗಲಿಲ್ಲ. 2021ರಲ್ಲಿ ನನ್ನ ಒಂದು ಫೋಟೊವನ್ನು ಯಾರೋ ಇದೇ ವೇದಿಕೆಯಲ್ಲಿ ತಮ್ಮದೆಂದು ಹಾಕಿದ್ದರು. ಫಾರ್ಮ್ ತುಂಬಿದ ಎರಡನೇ ದಿನಕ್ಕೆ ಫೋಟೊ ಹೋಗಿತ್ತು. ಒಬ್ಬರು ತಮ್ಮ ಹೆಸರು ಬರೆದು, ಇನ್ನೊಂದು ಕಡೆಯೂ ಇದೇ ಫೋಟೊ ಕಂಡಿತು, ಅದನ್ನೂ ತೆಗೆದಿದ್ದೇವೆ ಅಂತ ಉತ್ತರಿಸಿದ್ದರು. ಹಾಗಾಗಿ ಈ ಸಲವೂ ಅಷ್ಟೇ ಅಂದುಕೊಂಡೆ.

ಫಾರ್ಮ್ ಬಗ್ಗೆ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ 1998ರಲ್ಲಿ ಬಂದ ಡಿಎಂಸಿಎ ಅನ್ನುವ ಕಾಯ್ದೆಯ ಮೇಲೆ ಈ ಫಾರ್ಮ್‌ಗಳೆಲ್ಲ ನಿಂತಿವೆ. ನಾವು ಭಾರತದಲ್ಲಿದ್ದರೂ ಬಳಸಬಹುದು. ಅದಕ್ಕೆ ಕಾಪಿರೈಟ್ ನೋಂದಣಿ ಬೇಕಿಲ್ಲ. ಯಾವ ಕೃತಿ, ಎಲ್ಲಿದೆ ಅಸಲಿ, ಎಲ್ಲಿದೆ ನಕಲು, ನಿಮ್ಮ ಹೆಸರು, ವಿಳಾಸ, ಫೋನು, ಇದಕ್ಕೆ ಅನುಮತಿ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂಬ ಹೇಳಿಕೆ, ಬರೆದದ್ದು ನಿಜ ಎಂಬ ಪ್ರಮಾಣ, ಸಹಿ. ಸಹಿ ಅಂದರೆ ಹೆಸರು ಟೈಪ್ ಮಾಡಿದರೂ ಆಗುತ್ತದೆ. ಕದ್ದ ತುಣುಕುಗಳು ಇಪ್ಪತ್ತಕ್ಕೂ ಜಾಸ್ತಿ ಇದ್ದವು. ಪ್ರತಿಯೊಂದರ ಲಿಂಕನ್ನೂ ಬೇರೆ ಬೇರೆಯಾಗಿ ಕೊಡಬೇಕು. ಖಾತೆಯ ಹೆಸರೊಂದನ್ನೇ ಕೊಟ್ಟು 'ಇವರದ್ದೆಲ್ಲ ತೆಗೆಯಿರಿ' ಎಂದರೆ ನಡೆಯುವುದಿಲ್ಲ. ನಮ್ಮಲ್ಲೂ ಹಾಗೇ. ಮೈಸ್ಪೇಸ್ ಎಂಬ ಸೋಷಿಯಲ್ ಮೀಡಿಯಾ ಕಂಪನಿಯ ಪ್ರಕರಣದಲ್ಲಿ 2016ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದರ ಸಾರವೂ ಇದೇ: ಯಾವುದು, ಎಲ್ಲಿದೆ ಎಂದು ಖಚಿತವಾಗಿ ತೋರಿಸಿಕೊಟ್ಟಾಗ ಮಾತ್ರ ಕಂಪನಿಗೆ ಗೊತ್ತಿತ್ತು ಅಂತ ಲೆಕ್ಕ.

ರಾತ್ರಿ ಕೂತು ಎಲ್ಲಾ ತುಂಬಿ ಕಳಿಸಿದೆ. ತಕ್ಷಣ ಒಂದು ನಂಬರ್ ಬಂತು. ಆಮೇಲೆ ಏನೂ ಇಲ್ಲ. ಒಂದು ವಾರ ಕಾದೆ. ಅದೇ ನಂಬರ್‌ಗೆ ಉತ್ತರವಾಗಿ ಮತ್ತೆ ಬರೆದೆ. 'ನಿಮ್ಮ ದೂರು ತಲುಪಿದೆ' ಅಂತ ಮತ್ತೊಂದು ಹೊಸ ನಂಬರ್. ಪ್ರತಿ ಸಲ ಬರೆದಾಗಲೂ ಹೊಸ ನಂಬರ್. ಈ ನಡುವೆ ಬೇರೆ ಖಾತೆಗಳು ಅದೇ ತುಣುಕುಗಳನ್ನು ಎತ್ತಿ ಹಾಕತೊಡಗಿದವು. ನಮ್ಮ ವೆಬ್‌ಸೈಟ್‌ನಲ್ಲಿ ಬಾಡಿಗೆಗೆ ನೋಡುವವರು ಕಡಿಮೆಯಾಗುತ್ತಾ ಬಂದು ಏಪ್ರಿಲ್ ಹೊತ್ತಿಗೆ ಹೆಚ್ಚುಕಡಿಮೆ ನಿಂತೇಹೋದರು.

ಯಾಕೆ ಹೀಗೆ ಅಂತ ತಿಳಿಯಲು ಹಿಂದಿನ ವರ್ಷದ ಸುದ್ದಿಗಳನ್ನು ತೆಗೆದು ಓದಿದೆ. 2022ರ ಕೊನೆಯಿಂದ ದೊಡ್ಡ ಟೆಕ್ ಕಂಪನಿಗಳೆಲ್ಲ ಸಾಲಾಗಿ ಜನರನ್ನು ತೆಗೆದಿವೆ. ಮೆಟಾ ನವೆಂಬರ್‌ನಲ್ಲಿ 11,000 ಜನರನ್ನು ತೆಗೆದು, 2023ರ ಮಾರ್ಚ್‌ನಲ್ಲಿ ಇನ್ನೂ 10,000 ಎಂದು ಪ್ರಕಟಿಸಿತು. ಗೂಗಲ್‌ನ ಮಾತೃಸಂಸ್ಥೆ ಜನವರಿಯಲ್ಲಿ 12,000. ಇಲಾನ್ ಮಸ್ಕ್ ಕೊಂಡ ಮೇಲೆ ಟ್ವಿಟರ್ ನವೆಂಬರ್ ಮೊದಲ ವಾರದಲ್ಲೇ ಸುಮಾರು ಅರ್ಧ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಭಾರತದಲ್ಲಿದ್ದವರಲ್ಲೂ ಬಹುಪಾಲು ಜನ ಕೆಲಸ ಕಳಕೊಂಡರು. ಅದೇ ತಿಂಗಳಲ್ಲಿ ಯಾರೋ ಒಂದು ಇಡೀ ಹಾಲಿವುಡ್ ಚಿತ್ರವನ್ನು ಎರಡೆರಡು ನಿಮಿಷದ ತುಣುಕು ಮಾಡಿ ಸುಮಾರು 50 ಟ್ವೀಟ್‌ಗಳಲ್ಲಿ ಹಾಕಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಈ ವರ್ಷ ಜೂನ್‌ನಲ್ಲಿ ಅಮೆರಿಕದ ಸಂಗೀತ ಪ್ರಕಾಶಕರು ಸುಮಾರು 1,700 ಹಾಡುಗಳ ವಿಚಾರಕ್ಕೆ ಟ್ವಿಟರ್ ಮೇಲೆ 25 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ಕೇಳಿ ದಾವೆ ಹೂಡಿದ್ದಾರೆ. ನೋಟಿಸ್ ಕೊಟ್ಟರೂ ಕ್ರಮ ಇಲ್ಲ ಎಂಬುದು ಅವರ ಆರೋಪ. ಅಂಥವರಿಗೇ ಕೋರ್ಟಿಗೆ ಹೋಗಬೇಕಾಗಿ ಬಂದಿದೆ ಅಂದರೆ ನಮ್ಮ ಪಾಡು ಏನು ಅಂತ ಯೋಚಿಸಿ.

ನನಗೆ ಅರ್ಥವಾದದ್ದು ಇಷ್ಟು. ದೊಡ್ಡ ಸ್ಟುಡಿಯೊಗಳಿಗೂ ಮ್ಯೂಸಿಕ್ ಕಂಪನಿಗಳಿಗೂ ಕೆಲವು ವೇದಿಕೆಗಳಲ್ಲಿ ತಾನೇ ಹುಡುಕಿ ಹಿಡಿಯುವ ಯಂತ್ರದ ವ್ಯವಸ್ಥೆ ಇರುತ್ತದೆ. ನಮ್ಮಂಥವರಿಗೆ ಇರುವುದು ಫಾರ್ಮ್ ಮಾತ್ರ. ಆ ಫಾರ್ಮ್ ಅನ್ನು ಒಬ್ಬ ಮನುಷ್ಯ ಓದಬೇಕು. ಕನ್ನಡದ ತೊಗಲುಗೊಂಬೆ ಚಿತ್ರ ಇದು, ಇವರದ್ದು, ಅದು ನಕಲು ಅಂತ ಕಣ್ಣಿಟ್ಟು ನೋಡಿ ನಿರ್ಧರಿಸಬೇಕು. ಹಾಗೆ ನೋಡುವವರ ಸಂಖ್ಯೆ ಇಳಿದರೆ ಮೊದಲು ಏಟು ಬೀಳುವುದು ನಮಗೇ. 2021ರಲ್ಲಿ ನನಗೆ ಹೆಸರು ಹಾಕಿ ಉತ್ತರ ಬರೆದವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಅವರಿಗೂ ಒಂದು ಬೆಳಿಗ್ಗೆ ಮೇಲ್ ಬಂದಿರಬಹುದು ಅನ್ನಿಸಿ ಬೇಜಾರಾಯಿತು.

ಈ ಹೊತ್ತಿಗೆ ಇನ್ನೊಂದು ತೊಂದರೆ ಎದುರಾಯಿತು. ಡಿಎಂಸಿಎ ದೂರಿನ ಪ್ರತಿಯನ್ನು ಅನೇಕ ಕಂಪನಿಗಳು ವಿಡಿಯೊ ಹಾಕಿದವರಿಗೂ ಕಳಿಸುತ್ತವೆ. ನಮ್ಮ ಹೆಸರು, ವಿಳಾಸ, ಫೋನ್ ನಂಬರ್ ಸಮೇತ. ನನ್ನ ದೂರಿನ ಮೇಲೆ ಕ್ರಮ ಆಗುವ ಮೊದಲೇ ಪ್ರತಿ ಮಾತ್ರ ಹೋಗಿತ್ತು. ರಾತ್ರಿ ಹನ್ನೊಂದರ ಮೇಲೆ ಗೊತ್ತಿಲ್ಲದ ನಂಬರ್‌ಗಳಿಂದ ಕರೆ ಬರತೊಡಗಿತು. ಒಬ್ಬ ನನ್ನ ಮನೆಯ ಬೀದಿಯ ಹೆಸರು ಹೇಳಿ, "ಸುಮ್ನೆ ವಾಪಸ್ ತಗೋ" ಎಂದ. ಅಮ್ಮ ಹೆದರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದ್ದರಿಂದ ಮುಂದೆ ಹೋಗುವವರು, ವಿಶೇಷವಾಗಿ ಹೆಣ್ಣುಮಕ್ಕಳು, ದಯವಿಟ್ಟು ಮನೆಯ ವಿಳಾಸ ಕೊಡಬೇಡಿ. ಆಫೀಸ್ ವಿಳಾಸ ಇದ್ದರೆ ಅದು, ಇಲ್ಲದಿದ್ದರೆ ವಕೀಲರನ್ನು ಕೇಳಿ ಅವರ ಕಚೇರಿಯ ವಿಳಾಸ. ಇದಕ್ಕೇ ಅಂತ ಬೇರೆ ಸಿಮ್, ಬೇರೆ ಇಮೇಲ್ ಇಟ್ಟುಕೊಳ್ಳಿ. ಗೂಗಲ್ ಹುಡುಕಾಟದಿಂದ ಲಿಂಕ್ ತೆಗೆಸಲು ಬೇರೆಯದೇ ಫಾರ್ಮ್ ಇದೆ, ಅದನ್ನೂ ತುಂಬಬಹುದು. ಆದರೆ ಅಲ್ಲಿ ಕೊಟ್ಟ ದೂರು ಲ್ಯೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಹೋಗುತ್ತದೆ, ದೂರು ಕೊಟ್ಟವರ ಹೆಸರೂ ಅಲ್ಲಿ ಕಾಣಬಹುದು.

ಸಾಕ್ಷಿ ಇಟ್ಟುಕೊಳ್ಳುವ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಮೊಬೈಲ್ ಸ್ಕ್ರೀನ್‌ಶಾಟ್ ಸಾಲದು. ಕಂಪ್ಯೂಟರ್‌ನಲ್ಲಿ ತೆಗೆದು, ಪೂರ್ತಿ ಲಿಂಕ್, ದಿನಾಂಕ, ಗಂಟೆ ಕಾಣುವ ಹಾಗೆ ಪುಟವನ್ನು ಪಿಡಿಎಫ್ ಮಾಡಿ. ಆಡುತ್ತಿರುವ ವಿಡಿಯೊವನ್ನೂ ರೆಕಾರ್ಡ್ ಮಾಡಿಕೊಳ್ಳಿ. ಕದ್ದವರು ಖಾತೆಯ ಹೆಸರನ್ನು ಆಗಾಗ ಬದಲಾಯಿಸುತ್ತಾರೆ. ನನ್ನ ವಿಷಯದಲ್ಲೂ ಹೆಸರು ಬದಲಾಯಿತು, ಆದರೆ ಪ್ರತಿ ಪೋಸ್ಟ್‌ನ ಲಿಂಕ್‌ನಲ್ಲಿದ್ದ ಉದ್ದನೆಯ ಸಂಖ್ಯೆ ಬದಲಾಗಲಿಲ್ಲ. ಅದನ್ನು ಬರೆದಿಟ್ಟುಕೊಂಡಿದ್ದರಿಂದ ಎಲ್ಲಾ ಉಳಿಯಿತು. ಕೋರ್ಟಿನವರೆಗೆ ಹೋಗುವ ಸಾಧ್ಯತೆ ಇದ್ದರೆ ಈ ಪ್ರಿಂಟ್‌ಗಳ ಜೊತೆ ಸಾಕ್ಷ್ಯದ ಕಾನೂನು ಕೇಳುವ ಒಂದು ಸರ್ಟಿಫಿಕೇಟ್ ಬೇಕಾಗುತ್ತದೆ. ಯಾವ ಕಂಪ್ಯೂಟರ್‌ನಿಂದ ತೆಗೆದದ್ದು, ಅದು ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ಅದನ್ನು ನೋಡಿಕೊಳ್ಳುವವರು ಸಹಿ ಹಾಕಿ ಕೊಡುವ ಕಾಗದ ಅದು. ಇನ್ನು ಎಡಿಟಿಂಗ್ ಪ್ರಾಜೆಕ್ಟ್ ಫೈಲ್, ಕ್ಯಾಮೆರಾದ ಮೂಲ ಫೈಲ್‌ಗಳು, ಇವನ್ನು ಅಳಿಸಲೇಬೇಡಿ. ಇದು ನಾವೇ ಮಾಡಿದ್ದು ಅಂತ ತೋರಿಸಲು ಅದಕ್ಕಿಂತ ಗಟ್ಟಿ ಆಧಾರ ಇಲ್ಲ.

ಮೇ ತಿಂಗಳಲ್ಲಿ ನಮ್ಮ ದೇಶದ ದಾರಿ ಹಿಡಿದೆ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಪ್ರಕಾರ ಭಾರತದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಸೋಷಿಯಲ್ ಮೀಡಿಯಾ ಕಂಪನಿ ಇಲ್ಲೇ ವಾಸವಿರುವ ಕುಂದುಕೊರತೆ ಅಧಿಕಾರಿಯನ್ನು ಇಡಬೇಕು. ಅವರ ಹೆಸರು, ಸಂಪರ್ಕ, ಭಾರತದ ವಿಳಾಸ ವೆಬ್‌ಸೈಟ್‌ನಲ್ಲಿ ಇರಬೇಕು. ದೂರು ಬಂದ 24 ಗಂಟೆಯಲ್ಲಿ ತಲುಪಿದೆ ಎನ್ನಬೇಕು. ನಾನು ದೂರು ಕೊಟ್ಟ 2023ರಲ್ಲಿ ಇದ್ದ ಲೆಕ್ಕದಂತೆ 15 ದಿನದಲ್ಲಿ ಇತ್ಯರ್ಥ ಮಾಡಬೇಕಿತ್ತು. ಇಲ್ಲಿ ಒಂದು ಎಚ್ಚರಿಕೆ. 72 ಗಂಟೆಯಲ್ಲಿ ತೆಗೆಯಬೇಕು ಅಂತ ತುಂಬಾ ಜನ ಹೇಳುತ್ತಾರೆ. 2022ರ ಅಕ್ಟೋಬರ್ ತಿದ್ದುಪಡಿಯಲ್ಲಿ ಆ 72 ಗಂಟೆ ಬಂದದ್ದು ನಿಜ, ಆದರೆ ಕಾಪಿರೈಟ್ ದೂರನ್ನು ಅದರಿಂದ ಹೊರಗಿಟ್ಟಿದ್ದಾರೆ. ನಮಗೆ ಆಗ ಇದ್ದದ್ದು 15 ದಿನವೇ. ದೂರಿನಲ್ಲಿ 72 ಗಂಟೆ ಅಂತ ಬರೆದರೆ ಅದನ್ನೇ ಹಿಡಿದು ತಳ್ಳಿಹಾಕಲು ದಾರಿ ಮಾಡಿಕೊಟ್ಟ ಹಾಗೆ. ಈ ನಿಯಮಗಳು ಆಗಾಗ ಬದಲಾಗುತ್ತವೆ, ನೀವು ಓದುವ ಹೊತ್ತಿಗೆ ಒಮ್ಮೆ ನೋಡಿಕೊಳ್ಳಿ.

ಇಮೇಲ್ ಕಳಿಸಿದೆ. ಅದರ ಜೊತೆಗೆ ಅವರ ಭಾರತದ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಕೂಡ ಮಾಡಿದೆ, ಅಕ್ನಾಲೆಜ್‌ಮೆಂಟ್ ಕಾರ್ಡ್ ಅಂಟಿಸಿ. ಇಮೇಲ್‌ಗೆ ಯಂತ್ರದ ಉತ್ತರ ಬಂತು. ಹದಿನೈದು ದಿನ ಮುಗಿಯುವ ಹೊತ್ತಿಗೆ ಎರಡನೇ ಉತ್ತರ: 'ನೀವು ವರದಿ ಮಾಡಿದ ಪೋಸ್ಟ್ ನಮ್ಮ ಸಮುದಾಯ ನಿಯಮಗಳನ್ನು ಉಲ್ಲಂಘಿಸಿಲ್ಲ.' ನಾನು ಕೇಳಿದ್ದು ಕಾಪಿರೈಟ್. ಅವರು ಉತ್ತರಿಸಿದ್ದು ಬೈಗುಳ, ಹಿಂಸೆ, ಅಶ್ಲೀಲತೆಗೆ ಸಂಬಂಧಿಸಿದ ನಿಯಮದ ಮೇಲೆ. ಯಾರೂ ಓದಿಲ್ಲ ಅನ್ನುವುದು ಎರಡೇ ಸಾಲಿನಲ್ಲಿ ಗೊತ್ತಾಗುತ್ತಿತ್ತು. ಅವತ್ತು ನಿಜಕ್ಕೂ ಅತ್ತೆ. ಇಷ್ಟು ಕಷ್ಟಪಟ್ಟು ಒಂದೊಂದು ಲಿಂಕ್ ಜೋಡಿಸಿ ಬರೆದದ್ದನ್ನು ಓದುವ ಒಬ್ಬ ಮನುಷ್ಯ ಕೂಡ ಆ ಕಡೆ ಇಲ್ಲವಲ್ಲ ಅನ್ನಿಸಿತು.

ಕೆಲವು ದಿನಕ್ಕೆ ಪೋಸ್ಟ್ ಕವರ್ ವಾಪಸ್ ಬಂತು. ಹಿಂದೆ ಅಂಚೆಯವರ ಷರಾ, ನೀಲಿ ಇಂಕಿನಲ್ಲಿ: ಈ ವಿಳಾಸದಲ್ಲಿ ಇಲ್ಲ, ಬಿಟ್ಟುಹೋಗಿದ್ದಾರೆ. ಕೆಳಗೆ ದಿನಾಂಕದ ಮುದ್ರೆ. ವೆಬ್‌ಸೈಟ್‌ನಲ್ಲಿ ಆಗಲೂ ಅದೇ ವಿಳಾಸ ಇತ್ತು. ನಾನು ಆ ಕವರನ್ನು ಒಡೆಯದೆ ಹಾಗೇ ಇಟ್ಟುಕೊಂಡೆ, ವೆಬ್‌ಸೈಟ್‌ನ ಆ ಪುಟವನ್ನೂ ಅದೇ ದಿನ ಪಿಡಿಎಫ್ ಮಾಡಿದೆ. ಮುಂದೆ ಈ ಎರಡೂ ಬಹಳ ಕೆಲಸಕ್ಕೆ ಬಂದವು. ನನಗೆ ಅಂಚೆ ವೆಚ್ಚ ನೂರು ರೂಪಾಯಿಯೂ ಆಗಲಿಲ್ಲ, ತಪ್ಪದೆ ಅಂಚೆಯಲ್ಲೂ ಕಳಿಸಿ.

ಆಮೇಲೆ ಹುಬ್ಬಳ್ಳಿಯ ಒಬ್ಬ ವಕೀಲರನ್ನು ಹಿಡಿದೆ. ಎಲ್ಲಾ ಕಾಗದ ನೋಡಿ ಅವರು ನಿಧಾನವಾಗಿ ವಿವರಿಸಿದರು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮು ಮತ್ತು 2013ರ ನಿಯಮಾವಳಿಯ 75ನೇ ನಿಯಮದಲ್ಲಿ ಇನ್ನೊಂದು ದಾರಿ ಇದೆ. ಅದರಂತೆ ಲಿಖಿತ ದೂರು ಕೊಟ್ಟರೆ ಕಂಪನಿ 36 ಗಂಟೆಯೊಳಗೆ ಆ ನಕಲು ಸಿಗದಂತೆ ಮಾಡಬೇಕು. ಕೇಳಿದಾಗ ಇಷ್ಟು ಸುಲಭ ಇತ್ತಾ ಅನ್ನಿಸಿತು. "ಪೂರ್ತಿ ಕೇಳ್ರಿ ಮೇಡಂ," ಎಂದರು. "ಅದು 21 ದಿವಸದ ಮಟ್ಟಿಗೆ ಅಷ್ಟ. ಅಷ್ಟರಾಗ ನೀವು ಕೋರ್ಟ್ ಆರ್ಡರ್ ತಂದು ಕೊಡಬೇಕು. ತರ್ತೀನಿ ಅಂತ ದೂರಿನ್ಯಾಗ ಬರದೂ ಕೊಡಬೇಕು. ತರದಿದ್ರ ಅವರು ಮತ್ತ ಹಾಕಬಹುದು."

ಕದ್ದವರು ಯಾರು ಅಂತಲೇ ಗೊತ್ತಿಲ್ಲವಲ್ಲ, ಯಾರ ಮೇಲೆ ದಾವೆ ಹಾಕೋದು ಎಂದೆ. ಅದಕ್ಕೂ ವ್ಯವಸ್ಥೆ ಇದೆಯಂತೆ. ಹೆಸರು ಗೊತ್ತಿಲ್ಲದವರ ಮೇಲೆ 'ಅಶೋಕ್ ಕುಮಾರ್' ಅಂತ ಒಂದು ಹೆಸರಿಟ್ಟು ದಾವೆ ಹಾಕುತ್ತಾರೆ, ದೊಡ್ಡ ಸಿನಿಮಾಗಳು ಬಿಡುಗಡೆಯಾಗುವಾಗ ನಿರ್ಮಾಪಕರು ತರುವ ಆದೇಶಗಳು ಹೆಚ್ಚಾಗಿ ಇವೇ. ನಾವು ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು, 62ನೇ ಕಲಮಿನಲ್ಲಿ ಆ ಅವಕಾಶ ಇದೆ. ದೆಹಲಿಗೆ ಓಡಬೇಕಿಲ್ಲ. ಆದರೆ ಖರ್ಚು? ಮೊದಲ ಹಂತಕ್ಕೇ ಒಂದು ಲಕ್ಷದ ಮೇಲೆ ಆಗಬಹುದು ಎಂದರು. ನಮ್ಮ ಚಿತ್ರ ಅಲ್ಲಿಯವರೆಗೆ ಗಳಿಸಿದ್ದು ಅದರ ಅರ್ಧವೂ ಇಲ್ಲ. ಅವರು ಪ್ರಾಮಾಣಿಕವಾಗಿ, ಈಗಲೇ ದಾವೆ ಬೇಡ, ಮೊದಲು ಕಂಪನಿಯ ಉತ್ತರದ ಮೇಲೆ ಸರಕಾರದ ಸಮಿತಿಗೆ ಮೇಲ್ಮನವಿ ಹಾಕಿ, ಜೊತೆಗೆ ನನ್ನಿಂದ ಒಂದು ಲೀಗಲ್ ನೋಟಿಸ್ ಹೋಗಲಿ ಎಂದರು. ನೋಟಿಸ್‌ಗೆ 6,000 ರೂಪಾಯಿ ತೆಗೆದುಕೊಂಡರು.

ಪೊಲೀಸರ ಹತ್ತಿರವೂ ಹೋದೆ, ಮುಖ್ಯವಾಗಿ ಆ ರಾತ್ರಿ ಕರೆಗಳಿಗಾಗಿ. ಕಾಪಿರೈಟ್ ಕಾಯ್ದೆಯ 63ನೇ ಕಲಮಿನ ಅಪರಾಧ ಕಾಗ್ನಿಜಬಲ್, ಅಂದರೆ ಪೊಲೀಸರು ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಹೇಳಿದೆ. ಆ ತೀರ್ಪಿನ ಪ್ರತಿ ಒಯ್ದಿದ್ದೆ. ಅರ್ಜಿ ತೆಗೆದುಕೊಂಡು ಹಿಂಬರಹ ಕೊಟ್ಟರು, ಬೆದರಿಕೆ ಹಾಕಿದವನ ನಂಬರ್‌ಗೆ ಒಮ್ಮೆ ಕರೆ ಮಾಡಿದರು. ಕರೆಗಳು ನಿಂತವು. ಅದಕ್ಕೆ ನಾನು ಋಣಿ. ಚಿತ್ರದ ವಿಷಯ ಅಲ್ಲಿಂದ ಮುಂದೆ ಹೋಗಲಿಲ್ಲ.

ಇದರ ಜೊತೆಗೇ ನೋಂದಣಿಗೂ ಹಾಕಿದೆ. ಕೃತಿ ಮಾಡಿದ ಕ್ಷಣದಿಂದಲೇ ಕಾಪಿರೈಟ್ ನಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೂ ಎಲ್ಲಿ ಹೋದರೂ 'ಸರ್ಟಿಫಿಕೇಟ್ ಇದೆಯಾ' ಅಂತಲೇ ಕೇಳುತ್ತಾರೆ. ಕಾಪಿರೈಟ್ ಕಚೇರಿಯ ವೆಬ್‌ಸೈಟ್‌ನಲ್ಲಿ ಫಾರ್ಮ್ 14 ತುಂಬಬೇಕು. ಚಲನಚಿತ್ರಕ್ಕೆ ಶುಲ್ಕ 5,000 ರೂಪಾಯಿ. ಬರಹಕ್ಕೋ ಫೋಟೊಗೋ ಆದರೆ 500, ಧ್ವನಿಮುದ್ರಣಕ್ಕೆ 2,000. ಹಣ ಕಟ್ಟಿದ ಕೂಡಲೇ ಡೈರಿ ನಂಬರ್ ಬರುತ್ತದೆ. ಯಾರಾದರೂ ಆಕ್ಷೇಪ ಎತ್ತುತ್ತಾರಾ ಅಂತ 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನನಗೆ ಒಂದು ಪ್ರಶ್ನೆ ಬಂತು: ಗೊಂಬೆಯಾಟದವರ ಒಪ್ಪಿಗೆ ಪತ್ರ ಎಲ್ಲಿ, ಸಂಗೀತದವರ ಒಪ್ಪಿಗೆ ಎಲ್ಲಿ? ಮೊದಲೇ ಹೇಳಿದೆನಲ್ಲ, ಆ ಸಹಿ ಮಾಡಿಸಿದ ಕಾಗದ, ಅದು ಇಲ್ಲಿ ನಮ್ಮನ್ನು ಕಾಪಾಡಿತು. ಜನಪದ ಕಲಾವಿದರ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರೂ ಶೂಟಿಂಗ್ ದಿನವೇ ಬರೆಸಿಕೊಳ್ಳಬೇಕು, ಅವರಿಗೆ ಎಷ್ಟು ಸಲ್ಲಬೇಕು ಅನ್ನುವುದನ್ನೂ ಸೇರಿಸಿ. ಅದು ಅವರ ಹಕ್ಕು ಕೂಡ. ಡೈರಿ ನಂಬರ್ ಸಿಕ್ಕ ದಿನದಿಂದಲೇ ಪ್ರತಿ ದೂರಿನಲ್ಲೂ ಅದನ್ನು ಬರೆಯತೊಡಗಿದೆ. ಸರ್ಟಿಫಿಕೇಟ್ ಇನ್ನೂ ಬಂದಿಲ್ಲ.

ಈಗ ನಿಜವಾಗಿ ಕೆಲಸ ಮಾಡಿದ ದಾರಿಗೆ ಬರುತ್ತೇನೆ. ಕೇಂದ್ರ ಸರಕಾರ ಈ ವರ್ಷದ ಜನವರಿ ಕೊನೆಯಲ್ಲಿ ಮೂರು ಕುಂದುಕೊರತೆ ಮೇಲ್ಮನವಿ ಸಮಿತಿಗಳನ್ನು ಮಾಡಿತು. ಜಿಎಸಿ ಅಂತ ಕರೆಯುತ್ತಾರೆ. ಮಾರ್ಚ್ 1ರಿಂದ ಆನ್‌ಲೈನ್‌ನಲ್ಲಿ ಕೆಲಸ ಶುರುವಾಗಿದೆ. ಕಂಪನಿಯ ಕುಂದುಕೊರತೆ ಅಧಿಕಾರಿಯ ನಿರ್ಧಾರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಇಲ್ಲಿ ಮೇಲ್ಮನವಿ ಹಾಕಬಹುದು. ಸಮಿತಿಯೂ 30 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು. ಇದಕ್ಕೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಎಲ್ಲಾ ಮನೆಯಿಂದಲೇ. ಆ ಯಂತ್ರದ ಉತ್ತರ ಓದಿ ಅತ್ತಿದ್ದೆ ಎಂದೆನಲ್ಲ, ಇಲ್ಲಿ ಅದೇ ಉತ್ತರ ನನ್ನ ಟಿಕೆಟ್ ಆಯಿತು. 30 ದಿನದ ಎಣಿಕೆ ಶುರುವಾಗುವುದು ಅದರ ದಿನಾಂಕದಿಂದ. ಆದ್ದರಿಂದ ಎಷ್ಟೇ ಅರ್ಥವಿಲ್ಲದ ಉತ್ತರವಾದರೂ ಅಳಿಸಬೇಡಿ, ಸಿಟ್ಟಿನಲ್ಲಿ ಮತ್ತೆ ಮತ್ತೆ ಅವರಿಗೇ ಬರೆಯುತ್ತಾ ದಿನ ಕಳೆಯಬೇಡಿ.

ಅರ್ಜಿಯಲ್ಲಿ ನಾನು ಉದ್ದುದ್ದ ಬರೆಯಲಿಲ್ಲ. ದೂರಿನ ದಿನಾಂಕ, ಅದರ ನಂಬರ್, ಅವರ ಉತ್ತರ, ಅದು ಬೇರೆ ನಿಯಮದ ಬಗ್ಗೆ ಇದೆ ಎಂಬ ಒಂದು ಸಾಲು, ಲಿಂಕ್‌ಗಳ ಪಟ್ಟಿ, ಅಸಲಿ ಮತ್ತು ನಕಲಿನ ಅದೇ ದೃಶ್ಯ ಅಕ್ಕಪಕ್ಕ. ತೊಗಲು ಹಿಡಿದ ಅಜ್ಜನ ಶಾಟ್ ಅನ್ನೇ ಹಾಕಿದೆ: ಒಂದು ಕಡೆ ನಮ್ಮದು, ಇನ್ನೊಂದು ಕಡೆ ಲೋಗೊ ಬಿದ್ದದ್ದು. ನೋಡಿದವರಿಗೆ ಯಾವುದೂ ವಿವರಿಸಬೇಕಿರಲಿಲ್ಲ. ಜೊತೆಗೆ ವಾಪಸ್ ಬಂದ ಕವರ್‌ನ ಎರಡೂ ಬದಿಯ ಸ್ಕ್ಯಾನ್. ವಕೀಲರ ನೋಟಿಸ್ ಪ್ರತಿ.

ಕಾಯುವ ಆ ದಿನಗಳು ಉದ್ದವಾಗಿದ್ದವು. ಹುಡುಗ ಆಗಾಗ ಫೋನ್ ಮಾಡಿ, "ಏನಾತ್ರಿ ಅಕ್ಕಾರ?" ಎನ್ನುತ್ತಿದ್ದ. ಹೇಳಲು ಏನೂ ಇರುತ್ತಿರಲಿಲ್ಲ. ಕೊನೆಗೆ ಆದೇಶ ಬಂತು. ದೂರನ್ನು ಕಾಪಿರೈಟ್ ದೂರು ಎಂದೇ ಪರಿಗಣಿಸಿ ಕ್ರಮ ತೆಗೆದುಕೊಳ್ಳಬೇಕು ಅಂತ ಇತ್ತು. ಕೆಲವೇ ದಿನಕ್ಕೆ ಲಿಂಕ್‌ಗಳು ತೆರೆಯುವುದು ನಿಂತಿತು. ಗೆಳೆಯರಿಗೆಲ್ಲ ಫೋನ್ ಮಾಡಿದೆ. ಅಮ್ಮ ಪಾಯಸ ಮಾಡಿದರು.

ಮರುದಿನ ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವನಿಂದ ಮೆಸೇಜ್: ಇಲ್ಲಿ ಎಲ್ಲಾ ಹಾಗೇ ಓಡ್ತಿದೆಯಲ್ಲ? ದುಬೈನಲ್ಲೂ ಹಾಗೇ. ಅವರು ತೆಗೆದೇ ಇರಲಿಲ್ಲ, ಭಾರತದಲ್ಲಿ ಕಾಣದಂತೆ ಮಾತ್ರ ಮಾಡಿದ್ದರು. ಭಾರತದ ಕಾನೂನಿನ ದಾರಿಯಲ್ಲಿ ಹೋದರೆ ಹೀಗಾಗುವುದು ಸಾಮಾನ್ಯವಂತೆ. ನಮ್ಮ ಚಿತ್ರಕ್ಕೆ ಬಾಡಿಗೆ ಕೊಟ್ಟು ನೋಡುತ್ತಿದ್ದವರಲ್ಲಿ ಅರ್ಧದಷ್ಟು ಜನ ಹೊರದೇಶದ ಕನ್ನಡಿಗರು. ಹಾಗಾಗಿ ಇದು ನಮಗೆ ಸಣ್ಣ ಮಾತಲ್ಲ. ಲಿಂಕ್ ಹೋಯಿತು ಅಂತ ನಂಬುವ ಮೊದಲು ಹೊರದೇಶದಲ್ಲಿರುವ ಯಾರಿಗಾದರೂ ಹೇಳಿ ತೆಗೆಸಿ ನೋಡಿ.

ಹೀಗಾಗಿ ಮತ್ತೆ ಡಿಎಂಸಿಎ ಫಾರ್ಮ್‌ಗೆ ಮರಳಿದೆ. ಈ ಸಲ ವಕೀಲರ ಕಚೇರಿಯ ವಿಳಾಸ ಹಾಕಿ, ಸಮಿತಿಯ ಆದೇಶವನ್ನೂ ಡೈರಿ ನಂಬರನ್ನೂ ಸೇರಿಸಿ, ಇದೇ ಪೋಸ್ಟ್‌ಗಳನ್ನು ಭಾರತದಲ್ಲಿ ನೀವೇ ತಡೆದಿದ್ದೀರಿ ಅಂತ ಮೊದಲ ಸಾಲಿನಲ್ಲೇ ಬರೆದೆ. ಒಂದು ದೂರಿನಲ್ಲಿ ಒಂದು ಖಾತೆಯ ಲಿಂಕ್‌ಗಳನ್ನು ಮಾತ್ರ ಇಟ್ಟೆ. ಎಲ್ಲಾ ಖಾತೆಗಳನ್ನು ಒಂದರಲ್ಲೇ ಸೇರಿಸಿದಾಗ ಮೊದಲ ಒಂದೆರಡು ಲಿಂಕ್ ನೋಡಿ ಮುಚ್ಚಿದ್ದರು. ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಬರೆದ ಉತ್ತರ ಬಂತು. ಎರಡೇ ಸಾಲು. ಯಾವ ಲಿಂಕ್ ತೆಗೆದಿದ್ದೇವೆ, ಯಾವುದರ ಬಗ್ಗೆ ಇನ್ನೂ ವಿವರ ಬೇಕು ಅಂತ. ಆಮೇಲೆ ಒಂದೊಂದಾಗಿ ಹೋದವು. ಮೊದಲು ಕದ್ದ ಖಾತೆಯೂ ಮುಚ್ಚಿತು. ಕದ್ದವರು ನನ್ನ ದೂರು ತಪ್ಪು ಅಂತ ಎದುರು ದೂರು ಸಲ್ಲಿಸಬಹುದಿತ್ತು. ಹಾಗೆ ಮಾಡಿದ್ದರೆ ಅಮೆರಿಕದ ಕಾನೂನಿನಂತೆ ನಾನು ಕೋರ್ಟಿಗೆ ಹೋಗದ ಹೊರತು 10ರಿಂದ 14 ಕೆಲಸದ ದಿನಗಳಲ್ಲಿ ವಿಡಿಯೊ ವಾಪಸ್ ಬರುತ್ತಿತ್ತು. ಆದರೆ ಅದಕ್ಕೆ ಅವರೂ ತಮ್ಮ ನಿಜ ಹೆಸರು, ವಿಳಾಸ ಕೊಡಬೇಕಲ್ಲ. ಯಾರೂ ಕೊಡಲಿಲ್ಲ.

ಒಟ್ಟು ಖರ್ಚು, ನೋಟಿಸ್, ನೋಂದಣಿ, ಪ್ರಿಂಟ್, ಅಂಚೆ, ಓಡಾಟ ಸೇರಿ 14,000 ರೂಪಾಯಿ ಆಸುಪಾಸು. ಮೇಲ್ಮನವಿಗೆ ಒಂದು ರೂಪಾಯಿಯೂ ಇಲ್ಲ. ಕಳೆದುಕೊಂಡ ಬಾಡಿಗೆ ಹಣ ವಾಪಸ್ ಬರುವುದಿಲ್ಲ. ಈ ಖರ್ಚನ್ನು ಗೊಂಬೆಯಾಟದವರ ಪಾಲಿಗೆ ಹಾಕಿಲ್ಲ, ನಾವು ಮೂವರೇ ಹಂಚಿಕೊಂಡೆವು. ಚಿತ್ರ ಈಗ ಮತ್ತೆ ನಮ್ಮ ವೆಬ್‌ಸೈಟ್‌ನಲ್ಲಿ ಮಾತ್ರ ಇದೆ. ಈ ಸಲ ಎಲ್ಲಾ ದೃಶ್ಯಗಳ ಮೂಲೆಯಲ್ಲಿ ಆ ಮನೆತನದ ಹೆಸರನ್ನು ತೆಳುವಾಗಿ ಹಾಕಿದ್ದೇವೆ. ಯಾರಾದರೂ ಕತ್ತರಿಸಿದರೂ ಯಾರ ಆಟ ಅನ್ನುವುದು ಉಳಿಯಬೇಕು.

ನಾನು ಬಳಸಿದ ಮೂರು ದೂರುಗಳ ಮಾದರಿ ನನ್ನ ಹತ್ತಿರ ಇದೆ: ಡಿಎಂಸಿಎಗೆ ಒಂದು, ಕುಂದುಕೊರತೆ ಅಧಿಕಾರಿಗೆ ಒಂದು, ಸಮಿತಿಯ ಮೇಲ್ಮನವಿಗೆ ಒಂದು. ಇಂಗ್ಲಿಷ್‌ನಲ್ಲಿವೆ, ಪಕ್ಕದಲ್ಲಿ ಏನು ಎಲ್ಲಿ ತುಂಬಬೇಕು ಅಂತ ಕನ್ನಡದಲ್ಲಿ ಬರೆದಿದ್ದೇನೆ. ಹೆಸರು, ವಿಳಾಸ ತೆಗೆದು ಯಾರಿಗೆ ಬೇಕಾದರೂ ಕಳಿಸುತ್ತೇನೆ, ಕೇಳಿ. ಕಂಪನಿಯಿಂದ ಉತ್ತರ ಬಂದು ಇಪ್ಪತ್ತು ದಿನದ ಮೇಲಾಗಿದ್ದರೆ ಅದನ್ನೂ ಹೇಳಿ. 30 ದಿನ ಮುಗಿಯುವುದರೊಳಗೆ ಹಾಕಬೇಕು, ಅಂಥವರಿಗೆ ಮೊದಲು ಕಳಿಸುತ್ತೇನೆ.